ಎಳ್ಳಿನ ಬಟ್ಟಲು

ನನ್ನ ಹೆಸರನ್ನು ಅಮ್ಮ ಒಂದು ದಿನವೂ ಕರೆದಿಲ್ಲ. ಅದು ಅಜ್ಜನ ಹೆಸರು. ನಾನು ಹುಟ್ಟುವ ಎರಡು ವರ್ಷ ಮುಂಚೆ ಅಜ್ಜ ತೀರಿಕೊಂಡಿದ್ದರು, ಹಾಗಾಗಿ ಆ ಹೆಸರು ನನಗೆ ಬಂತು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವ ಹಾಗಿಲ್ಲವಲ್ಲ. ಅದಕ್ಕೇ ಅಮ್ಮನಿಗೆ ನಾನು ಮೊದಲಿನಿಂದಲೂ ‘ಮಾಣಿ’. ತೀರ್ಥಹಳ್ಳಿ ಕಡೆಯ ನಮ್ಮಂಥ ಮನೆಗಳಲ್ಲಿ ಗಂಡುಹುಡುಗರೆಲ್ಲ ಮಾಣಿಗಳೇ. ಮೂವತ್ತಾದರೂ ಮಾಣಿಯೇ.

ವರ್ಷಕ್ಕೊಮ್ಮೆ ಅಜ್ಜನ ಶ್ರಾದ್ಧದ ದಿನ ಮಾತ್ರ ನನ್ನ ಪೂರ್ತಿ ಹೆಸರು ಮನೆಯಲ್ಲಿ ಕೇಳಿಸುತ್ತಿತ್ತು. ಪುರೋಹಿತರು ಹೇಳಿಕೊಡುತ್ತಿದ್ದರು, ಅಪ್ಪಯ್ಯ ಹೇಳುತ್ತಿದ್ದರು. ಸತ್ತವರ ಸಾಲಿನಲ್ಲಿ ನನ್ನ ಹೆಸರು. ಚಿಕ್ಕವನಿದ್ದಾಗ ಮೈ ಜುಮ್ ಅನ್ನುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣ ಇದೆ. 2017ರ ಡಿಸೆಂಬರಿನಿಂದ 2018ರ ಅಕ್ಟೋಬರ್ ತನಕ ನಾನಿದ್ದ ಜಾಗದಲ್ಲಿ ಒಬ್ಬ ಮನುಷ್ಯನಿಂದ ಹೆಸರು, ಮನೆ, ಮಾತು ಎಲ್ಲವನ್ನೂ ಒಂದೊಂದಾಗಿ ಕಳಚಿ, ಕೊನೆಗೊಂದು ರಾತ್ರಿ ಅವನ ಕೈಯಿಂದಲೇ ಅವನಿಗೆ ಪಿಂಡ ಹಾಕಿಸುತ್ತಿದ್ದರು. ಯಾವ ಊರು, ಯಾವ ಸಂಸ್ಥೆ ಅಂತ ಬರೆಯುವುದಿಲ್ಲ. ಗುಡ್ಡದ ಬುಡ, ತೆಂಗಿನ ತೋಟ, ಶೀಟು ಹೊದಿಸಿದ ದೊಡ್ಡ ಹಾಲ್, ಒಂದು ಕಬ್ಬಿಣದ ಗೇಟು. ಅಷ್ಟು ಸಾಕು.

ನಾನು ಅಲ್ಲಿಗೆ ಹೋಗಿದ್ದು ದೇವರಿಗಾಗಿ ಅಲ್ಲ, ನಿದ್ದೆಗಾಗಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಪ್ರಾಜೆಕ್ಟ್ ಮುಗಿದು ‘ಬೆಂಚಿನ ಮೇಲೆ’, ಅಂದರೆ ಬೇರೆ ಕೆಲಸ ಕೊಡದೆ, ಕೂರಿಸಿದ್ದರು. ಇವತ್ತು ತೆಗೆಯುತ್ತಾರೋ ನಾಳೆಯೋ ಅನ್ನುವ ಭಯದಲ್ಲಿ ರಾತ್ರಿ ಮೂರರವರೆಗೆ ಫ್ಯಾನ್ ನೋಡಿಕೊಂಡು ಬಿದ್ದಿರುತ್ತಿದ್ದೆ. ಒಬ್ಬ ಗೆಳೆಯ ಏಳು ದಿನದ ಶಿಬಿರದ ಬಗ್ಗೆ ಹೇಳಿದ. ಹೋದೆ.

ನಿಜ ಹೇಳಬೇಕೆಂದರೆ ಆ ಮೊದಲ ವಾರ ಚೆನ್ನಾಗಿತ್ತು. ರಾತ್ರಿ ಒಂಬತ್ತಕ್ಕೆ ಮಲಗಿದರೆ ಬೆಳಗ್ಗೆಯೇ ಎಚ್ಚರ. ಬಿಸಿ ಗಂಜಿ, ಉಪ್ಪಿನಕಾಯಿ. ಯಾರೂ ಬೈಯುವವರಿಲ್ಲ, ಡೆಡ್‌ಲೈನ್ ಇಲ್ಲ. ಇದನ್ನು ಮುಚ್ಚಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಅವರು ಮೊದಲ ದಿನವೇ ಹಳಸಿದ ಊಟ ಹಾಕಿ ಗದರಿಸಿದ್ದರೆ ಮೂರನೇ ದಿನಕ್ಕೆ ನಾನು ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದೆ.

ಶಿಬಿರ ಮುಗಿದ ಮೇಲೆ “ಇನ್ನೊಂದು ವಾರ ಸೇವೆಗೆ ಇರಿ, ದುಡ್ಡು ಬೇಡ” ಅಂದರು. ಫೋನು ಮೊದಲೇ ಬಟ್ಟೆ ಚೀಲಕ್ಕೆ ಹೋಗಿತ್ತು. ಈಗ ಆಧಾರ್, ಪ್ಯಾನ್, ಎಟಿಎಂ ಕಾರ್ಡ್ ಒಂದು ಕಂದು ಲಕೋಟೆಗೆ ಹೋದವು. ಕಳೆದುಹೋಗಬಾರದಲ್ಲ, ಬೀರುವಿನಲ್ಲಿರಲಿ ಅಂತ. ರಸೀದಿ ಕೂಡ ಕೊಟ್ಟರು! ಲಕೋಟೆಯ ಮೇಲೆ ನನ್ನ ಹೆಸರಿರಲಿಲ್ಲ, 41 ಅಂತ ಬರೆದಿತ್ತು. ಫೈಲಿಂಗ್ ಅನುಕೂಲಕ್ಕೆ ಅಂದುಕೊಂಡೆ. ಸಂಕ್ರಾಂತಿ ಹೊತ್ತಿಗೆ ಎಲ್ಲರೂ ನನ್ನನ್ನು ನಲವತ್ತೊಂದು ಅಂತಲೇ ಕರೆಯುತ್ತಿದ್ದರು.

ಏಳುವ ಹೊತ್ತು ಐದರಿಂದ ನಾಲ್ಕಕ್ಕೆ ಬಂತು, ಆಮೇಲೆ ಎರಡೂವರೆಗೆ. ಊಟ ಎರಡು ಹೊತ್ತಿನಿಂದ ಒಂದಕ್ಕೆ. ಹಗಲೆಲ್ಲ ಬೂದಿ ಹಾಕಿ ಪಾತ್ರೆ ತಿಕ್ಕುವುದು, ತೆಂಗಿನಕಾಯಿ ಸುಲಿಯುವುದು. ನಿದ್ದೆಗೆಂದು ಹೋದವನಿಗೆ ನಿದ್ದೆಯೇ ಇಲ್ಲ. ಆದರೆ ಬೆಂಗಳೂರಿನಲ್ಲಿ ನಿದ್ದೆ ಬಾರದಿದ್ದರೆ ನನಗೇನೋ ಆಗಿದೆ ಅನ್ನಿಸುತ್ತಿತ್ತು. ಅಲ್ಲಿ ಅದು ಸಾಧನೆ ಅನ್ನಿಸುತ್ತಿತ್ತು.

ಈಗ ಮಾತಿನ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಗೇಟಿಗಿಂತ ಗಟ್ಟಿಯಾಗಿದ್ದದ್ದು ಅದೇ.

ಅಲ್ಲಿ ‘ನಾನು’ ಅನ್ನಬಾರದು. ಹಸಿವಾದರೆ ‘ಈ ದೇಹಕ್ಕೆ ಹಸಿವಾಗಿದೆ’. ಕನ್ನಡದಲ್ಲಿ ಇದು ಸುಲಭ ಅಂತ ಮೊದಲು ಅನ್ನಿಸಿತು. ನಾವು ಹೇಗೂ ‘ನಾನು’ ಬಿಟ್ಟೇ ಮಾತಾಡುತ್ತೇವೆ. ‘ಬಂದೆ’, ‘ಉಂಡೆ’ ಅಂದರೆ ಮುಗಿಯಿತು. ಆದರೆ ‘ಬಂದೆ’ ಅನ್ನುವ ಮಾತಿನ ಬಾಲದಲ್ಲಿ ‘ನಾನು’ ಕೂತೇ ಇರುತ್ತದಲ್ವಾ? ಅಲ್ಲಿನ ಮುಖ್ಯಸ್ಥರಿಗೆ, ನಾವು ‘ದೊಡ್ಡವರು’ ಅನ್ನುತ್ತಿದ್ದೆವು, ಅದೂ ಗೊತ್ತಿತ್ತು. ಹಾಗಾಗಿ ಬಾಲವನ್ನೂ ಕತ್ತರಿಸಬೇಕು. ‘ಬರಲಾಯಿತು.’ ‘ಊಟ ಆಯಿತು.’ ‘ಪಾತ್ರೆ ತೊಳೆಯಲಾಗಿದೆ.’ ಎರಡು ತಿಂಗಳಲ್ಲಿ ನಾವೆಲ್ಲ ತಾಲ್ಲೂಕು ಆಫೀಸಿನ ನೋಟೀಸಿನ ಹಾಗೆ ಮಾತಾಡತೊಡಗಿದೆವು.

ಬಾಯಿ ತಪ್ಪಿ ‘ನಾನು’ ಅಂದರೆ ಹನ್ನೊಂದು ಬಸ್ಕಿ. ಹೊಡೆಸುವವರು ದೊಡ್ಡವರಲ್ಲ. ಪಕ್ಕದಲ್ಲಿದ್ದವರು “ಹನ್ನೊಂದು” ಅನ್ನಬೇಕು. ಕೇಳಿಯೂ ಸುಮ್ಮನಿದ್ದರೆ ಅವರಿಗೂ ಹನ್ನೊಂದು. ಹೀಗೆ ಎಪ್ಪತ್ತು ಚಿಲ್ಲರೆ ಜನ ಒಬ್ಬರನ್ನೊಬ್ಬರು ಕಾಯುತ್ತಿದ್ದೆವು. ಬೇರೆ ಕಾವಲುಗಾರರ ಖರ್ಚೇ ಇಲ್ಲ.

ಬೇರೆ ಮಾತುಗಳೂ ಇದ್ದವು. ಮನೆಯವರು ‘ಹಳೇ ಬಾಕಿ’. ಅನುಮಾನ ‘ಹುಳ’. ಬಿಟ್ಟು ಹೋದವರು ‘ಜಾರಿದವರು’. ಅಮ್ಮನ ನೆನಪಾಗಿ ಅಳು ಬಂದರೆ ‘ಹಳೇ ಬಾಕಿಯ ಹುಳ’ ಅನ್ನಬೇಕು. ಹಾಗಂದ ಮೇಲೆ ಅಳುವುದು ಹೇಗೆ ಹೇಳಿ. ಹುಳಕ್ಕಾಗಿ ಯಾರಾದರೂ ಅಳುತ್ತಾರಾ? ‘ಹೋಗಬೇಕು’ ಅಂತ ಅನ್ನಿಸಿದರೂ ಹೋಗುವವನು ಒಬ್ಬ ಬೇಕು. ಅವನೇ ಮಾತಿನಿಂದ ಮಾಯವಾಗಿದ್ದ.

ರಾತ್ರಿ ಒಂದು ನೋಟುಬುಕ್ಕಿನಲ್ಲಿ ದಿನದ ತಪ್ಪು ಬರೆದು ಕೊಡಬೇಕಿತ್ತು. ತಪ್ಪು ಇಲ್ಲದಿದ್ದರೆ ಹಳೆಯದನ್ನು ನೆನಪಿಸಿಕೊಂಡು ಬರೆಯಬೇಕು. ನಾನು ಏಳನೇ ಕ್ಲಾಸಿನಲ್ಲಿ ಅಕ್ಕನ ಪೆನ್ನು ಕದ್ದದ್ದನ್ನು ಕೂಡ ಬರೆದಿದ್ದೇನೆ. ನಾಚಿಕೆಯ ವಿಷಯಗಳನ್ನೂ ಬರೆದಿದ್ದೇನೆ. ಅವು ಇನ್ನೂ ಆ ಬೀರುವಿನಲ್ಲೇ ಇವೆ. ಈ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯುವ ಮನಸ್ಸಿಲ್ಲ.

ಜೂನ್‌ನಲ್ಲಿ, ಮೊದಲ ಮಳೆಗೆ, ಅಪ್ಪಯ್ಯ ಮತ್ತು ಭಾವ ಇಬ್ಬರು ಪೊಲೀಸರನ್ನು ಕರೆದುಕೊಂಡು ಬಂದರು. ಅಪ್ಪಯ್ಯ ಕೊಡೆ ಮಡಚಿ ಹಿಡಿದು ಗೇಟಿನ ಪಕ್ಕ ನಿಂತಿದ್ದರು. ಕೊಡೆಯಿಂದ ನೀರು ತೊಟ್ಟಿಕ್ಕಿ ಅವರ ಚಪ್ಪಲಿಯ ಮೇಲೆ ಬೀಳುತ್ತಿತ್ತು. ನಾನು ಅವರ ಮುಖ ನೋಡಲಿಲ್ಲ. ಆ ಚಪ್ಪಲಿಯನ್ನೇ ನೋಡುತ್ತಿದ್ದೆ.

“ಏನಪ್ಪಾ, ನಿನ್ನ ಯಾರಾದ್ರೂ ಹಿಡಿದಿಟ್ಟುಕೊಂಡಿದ್ದಾರಾ?” ಅಂತ ಪೊಲೀಸಿನವರು ಕೇಳಿದರು.

“ಇಲ್ಲ. ಇಷ್ಟಪಟ್ಟು ಇರಲಾಗಿದೆ.”

“ಇರಲಾಗಿದೆ ಅಂದ್ರೆ? ಯಾರು ಇರೋದು?”

“ಈ ದೇಹ.”

ಅವರು ಪಕ್ಕದವನ ಮುಖ ನೋಡಿದರು. ಭಾವನಿಗೆ ಸಿಟ್ಟು ಬಂದು ನನ್ನ ತೋಳು ಹಿಡಿದೆಳೆದರು. ಪೊಲೀಸರು ಅವರನ್ನೇ ತಡೆದರು. “ಮೇಜರ್ ಅಲ್ವಾ ಸ್ವಾಮಿ? ಇಷ್ಟ ಇದೆ ಅಂತಾನೆ. ನಾವೇನು ಮಾಡೋಕಾಗತ್ತೆ?” ಅವರನ್ನು ಬೈದು ಪ್ರಯೋಜನವಿಲ್ಲ. ಕಾನೂನೂ ಅದನ್ನೇ ಹೇಳುತ್ತದೆ. ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತನ್ನಿ ಅನ್ನುವ ಅರ್ಜಿ, ಹಾಕಬಹುದು ಅಂತ ವಕೀಲರು ಭಾವನಿಗೆ ಹೇಳಿದ್ದರಂತೆ. ಆದರೆ ನನ್ನನ್ನು ಕೋರ್ಟಿಗೆ ಕರೆಸಿದರೂ ನ್ಯಾಯಾಧೀಶರು ಕೇಳುವುದು ಅದೇ ಪ್ರಶ್ನೆ. ಹದಿನೆಂಟು ದಾಟಿದವನು ‘ನನ್ನಿಷ್ಟ’ ಅಂದರೆ ಬಿಡಬೇಕಾಗುತ್ತದೆ. ಅಕ್ರಮ ಬಂಧನ ಅಂತ ಆಗಿನ ಐಪಿಸಿಯ 342ನೇ ಸೆಕ್ಷನ್ ಹಾಕೋಣವೆಂದರೆ ಹಗಲು ಹೊತ್ತು ಗೇಟಿಗೆ ಬೀಗವೇ ಇರುತ್ತಿರಲಿಲ್ಲ. ಮಹಜರಿನಲ್ಲಿ ಬರೆಯುವಂಥ ಸರಪಳಿ ಯಾವುದೂ ಅಲ್ಲಿರಲಿಲ್ಲ.

ಅಪ್ಪಯ್ಯ ಹೊರಡುವಾಗ ಒಂದೇ ಮಾತು ಆಡಿದರು. “ತೋಟಕ್ಕೆ ಕೊಳೆ ಔಷಧಿ ಹೊಡೆಸೋದು ಇನ್ನೂ ಆಗಿಲ್ಲ ಮಾಣಿ.”

ಅವತ್ತು ರಾತ್ರಿ ನೋಟುಬುಕ್ಕಿನಲ್ಲಿ ‘ಹಳೇ ಬಾಕಿ ಬಂದು ಹೋಯಿತು’ ಅಂತ ಬರೆದೆ. ಮರುದಿನ ದೊಡ್ಡವರು ಎಲ್ಲರೆದುರು ಶಂಕರಾಚಾರ್ಯರ ಕಥೆ ಹೇಳಿದರು. ಕಾಲಡಿ, ಹೊಳೆ, ಮೊಸಳೆ ಕಾಲು ಹಿಡಿದದ್ದು, ತಾಯಿ ಸಂನ್ಯಾಸಕ್ಕೆ ಒಪ್ಪಿದ್ದು. ಎಂಟು ವರ್ಷದ ಹುಡುಗ ತಾಯಿಯನ್ನು ಬಿಟ್ಟ, ಈ ದೇಹಕ್ಕೇನು ಕಷ್ಟ ಅಂತ ನನ್ನ ಕಡೆ ನೋಡಿದರು. ಕಥೆಯ ಇನ್ನರ್ಧ ಅವರು ಹೇಳಲಿಲ್ಲ. ಆ ಮಗ ಅಮ್ಮನಿಗೆ ಕೊಟ್ಟ ಮಾತಿನಂತೆ ವಾಪಸ್ ಬಂದದ್ದು. ಸಂನ್ಯಾಸಿ ಸಂಸ್ಕಾರ ಮಾಡಬಾರದು ಅಂತ ಊರಿನವರು ತಿರುಗಿಬಿದ್ದರೂ ತಾನೇ ತಾಯಿಗೆ ಕೊಳ್ಳಿ ಇಟ್ಟದ್ದು. ಅಮ್ಮ ನಮಗೆ ಆ ಕಥೆ ಹೇಳುವಾಗ ಯಾವಾಗಲೂ ಎರಡನೇ ಅರ್ಧಕ್ಕೇ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಅದು ಗೊತ್ತಿತ್ತು. ಆದರೂ ಹಾಲಿನಲ್ಲಿ ಕೂತು ತಲೆಯಾಡಿಸಿದೆ. ಗೊತ್ತಿರುವುದು ಬೇರೆ, ಆ ಹೊತ್ತಿಗೆ ನೆನಪಾಗುವುದು ಬೇರೆ.

ಕೊನೆಯ ಕ್ರಿಯೆಗೆ ಅಲ್ಲಿ ‘ಕಳಚು’ ಅನ್ನುತ್ತಿದ್ದರು. ಇದನ್ನು ಅವರೇ ಹುಟ್ಟಿಸಿದ್ದಲ್ಲ. ನಿಜವಾದ ಸಂನ್ಯಾಸದ ವಿಧಿಯಿಂದ ಬೇಕಾದಷ್ಟು ಕಿತ್ತುಕೊಂಡಿದ್ದರು. ನಿಜವಾದದ್ದರಲ್ಲಿ ಎಂಟು ಶ್ರಾದ್ಧಗಳಿವೆ. ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಎಲ್ಲ ಆಗಿ ಕೊನೆಯದು ತನಗೆ ತಾನೇ ಮಾಡಿಕೊಳ್ಳುವ ಆತ್ಮಶ್ರಾದ್ಧ. ಆಮೇಲೆ ವಿರಜಾ ಹೋಮ. ಜುಟ್ಟು, ಜನಿವಾರ ಹೋಗುತ್ತವೆ. ‘ಸಂನ್ಯಸ್ತಂ ಮಯಾ’ ಅಂತ ಮೂರು ಸಲ ಹೇಳಬೇಕು. ನನ್ನಿಂದ ಯಾವ ಪ್ರಾಣಿಗೂ ಭಯ ಬೇಡ ಅಂತ ಅಭಯ ಕೊಡಬೇಕು. ಮರ್ಯಾದಸ್ಥ ಮಠಗಳಲ್ಲಿ ಇದಕ್ಕೆ ಮುಂಚೆ ವರ್ಷಗಟ್ಟಲೆ ಕಾಯಿಸುತ್ತಾರೆ, ಮನೆಗೆ ಹೋಗು ಅಂತ ಅಟ್ಟುತ್ತಾರೆ ಕೂಡ. ಆ ಮಂತ್ರವನ್ನೇ ನೋಡಿ. ಅದೂ ‘ಬಿಡಲಾಯಿತು’ ಅನ್ನುವ ಥರದ ಮಾತೇ. ಆದರೆ ಪಕ್ಕದಲ್ಲಿ ‘ಮಯಾ’ ಇದೆ. ನನ್ನಿಂದ. ಬಿಡುವುದಕ್ಕಾದರೂ ಒಬ್ಬ ‘ನಾನು’ ಅಲ್ಲಿ ಗಟ್ಟಿಯಾಗಿ ನಿಂತಿರಬೇಕು. ನಮ್ಮಲ್ಲಿ ಅವನನ್ನು ಮೊದಲೇ ಹಸಿವು ಹಾಕಿ, ನಿದ್ದೆಗೆಡಿಸಿ, ಬಸ್ಕಿ ಹೊಡೆಸಿ ಮುಗಿಸಿರುತ್ತಿದ್ದರು.

2018ರ ಮಹಾಲಯ ಅಮಾವಾಸ್ಯೆಗೆ ಒಂಬತ್ತು ಜನರ ಕಳಚು ಅಂತ ನಿಗದಿಯಾಯಿತು. ಆರು ಗಂಡಸರು, ಮೂವರು ಹೆಂಗಸರು. ಪಟ್ಟಿಯಲ್ಲಿ ನಲವತ್ತೊಂದೂ ಇತ್ತು. ಒಪ್ಪಿಗೆ ಯಾರೂ ಕೇಳಲಿಲ್ಲ. ಯಾರನ್ನು ಕೇಳಬೇಕು?

ನನ್ನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವನು ಚಿತ್ರದುರ್ಗದ ಕಡೆಯ ಹುಡುಗ. ಮುಂಚೆ ಆಟೋ ಓಡಿಸುತ್ತಿದ್ದನಂತೆ. ಹಿಂದಿನ ರಾತ್ರಿ ಅವನಿಗೆ ಖುಷಿಯಿಂದ ನಿದ್ದೆ ಇಲ್ಲ. ಪಿಸುಮಾತಿನಲ್ಲಿ, ನಿಯಮವನ್ನೆಲ್ಲ ಮರೆತು ಹೇಳಿದ: “ನಮ್ಮನ್ನ ಯಾರೂ ಹಿಂಗೆ ದರ್ಭೆ ಕೊಟ್ಟು ಕೂರ್ಸಿ ಮಂತ್ರ ಹೇಳ್ಸಿರ್ಲಿಲ್ಲಣ್ಣ. ನಮ್ಮಪ್ಪಂಗೆ ಕೇಳಿದ್ರೆ ನಂಬಲ್ಲ.” ನಾನು “ಹನ್ನೊಂದು” ಅನ್ನಬೇಕಿತ್ತು. ಅನ್ನಲಿಲ್ಲ. ಅವನನ್ನು ಅಲ್ಲಿ ಹಿಡಿದಿಟ್ಟದ್ದು ಏನು ಅಂತ ನನಗೆ ಆಗ ಹೊಳೆಯಿತು. ನನ್ನ ಮನೆಯಲ್ಲಿ ಬೇಡ ಬೇಡವೆಂದರೂ ಕೈಗೆ ತುರುಕಿದ ದರ್ಭೆಗಾಗಿ ಅವನು ಎಲ್ಲವನ್ನೂ ಕೊಡಲು ತಯಾರಾಗಿದ್ದ. ಅವನನ್ನು ಮಂಕು ಅನ್ನುವ ಯೋಗ್ಯತೆ ನಮ್ಮ ಪೈಕಿಯವರಿಗೆ ಯಾರಿಗೂ ಇಲ್ಲ.

ಬೆಳಗಿನ ಜಾವ ಮೂರಕ್ಕೆ ತೊಟ್ಟಿಯ ತಣ್ಣೀರು. ತಲೆ ಬೋಳಿಸಿದರು. ಹಾಲಿನಲ್ಲಿ ಲೈಟ್ ಆರಿಸಿ ಒಂಬತ್ತು ಹಣತೆ. ನಡುವೆ ಹೋಮಕುಂಡ. ಮೊದಲು ಗೋಣಿಚೀಲ ಬಿಚ್ಚಿದರು. ನಾವು ಬಂದ ದಿನ ತೊಟ್ಟಿದ್ದ ಬಟ್ಟೆ, ಪರ್ಸಿನಲ್ಲಿದ್ದ ಫೋಟೊ, ಕಾಗದ ಅದರಲ್ಲಿ. ನನ್ನ ನೀಲಿ ಶರ್ಟು, ಆಫೀಸಿನ ಐಡಿ ಕಾರ್ಡಿನ ದಾರ. ನಾನೇ ಬೆಂಕಿಗೆ ಹಾಕಿದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಅಷ್ಟೇ. ಒಬ್ಬ ಹೆಂಗಸಿನ ಕೈಯಲ್ಲಿ ಮಗನ ಶಾಲೆಯ ಪಾಸ್‌ಪೋರ್ಟ್ ಸೈಜ್ ಫೋಟೊ ಇತ್ತು. ಅವಳು ಹಾಕಲಿಲ್ಲ, ಹಾಗೇ ಹಿಡಿದು ಕೂತಳು. ಪಕ್ಕದವಳು ಅವಳ ಬೆರಳು ಒಂದೊಂದಾಗಿ ಬಿಡಿಸಿದಳು. ಜೋರು ಮಾಡಲಿಲ್ಲ. ಮಗುವಿನ ಕೈಯಿಂದ ಕತ್ತರಿ ತೆಗೆಯುವ ಹಾಗೆ, ಪ್ರೀತಿಯಿಂದಲೇ ಬಿಡಿಸಿದಳು. ಇವತ್ತಿಗೂ ನನಗೆ ಕನಸಿನಲ್ಲಿ ಬರುವುದು ಬೆಂಕಿಯಲ್ಲ, ಆ ಬೆರಳುಗಳು.

ಆಮೇಲೆ ಒಬ್ಬೊಬ್ಬರ ಮುಂದೆ ಬಾಳೆಲೆ, ಅನ್ನದ ಉಂಡೆ, ದರ್ಭೆ, ನೀರು, ಒಂದು ಬಟ್ಟಲು ಎಳ್ಳು. ಕೊನೆಯ ಸಲ ಹಳೇ ಹೆಸರು ಹೇಳಿ, ಈ ಹೆಸರಿನವನು ಸತ್ತ ಅಂತ ಮೂರು ಸಲ ಅನ್ನಬೇಕು. ಎಳ್ಳು ನೀರು ಬಿಟ್ಟು ಪಿಂಡ ಇಡಬೇಕು. ಚಿತ್ರದುರ್ಗದ ಹುಡುಗ ಗಟ್ಟಿಯಾಗಿ ಹೇಳಿದ. ಅವನ ಪೂರ್ತಿ ಹೆಸರು ನಾನು ಕೇಳಿದ್ದು ಅವತ್ತೇ.

ನನ್ನ ಸರದಿ ಬಂತು. ಹೆಸರು ಹೇಳಿದೆ. ಸತ್ತ ಅಂದೆ. ಮೂರು ಸಲ ಅಂದೆ. ಏನೂ ಅನ್ನಿಸಲಿಲ್ಲ. ಆ ಹೆಸರನ್ನು ಸತ್ತವರ ಜೊತೆ ಕೇಳಿ ಕೇಳಿ ಬೆಳೆದವನು ನಾನು. ಅಮ್ಮ ಕರೆಯದ ಹೆಸರು ಅದು. ಅದನ್ನು ಕಳೆದುಕೊಂಡರೆ ಎಷ್ಟು ನಷ್ಟ?

“ಎಳ್ಳು ತಗೋ” ಅಂದರು.

ಅದು ಪಾಯಸಕ್ಕೆ ಇಡುವಂಥ ಸಣ್ಣ ಸ್ಟೀಲ್ ಬಟ್ಟಲು. ಕಂಠದವರೆಗೆ ಕಪ್ಪೆಳ್ಳು. ಹಣತೆಯ ಬೆಳಕಿಗೆ ಎಳ್ಳಿನ ರಾಶಿ ಸಣ್ಣಗೆ ಮಿನುಗುತ್ತಿತ್ತು. ನಾನು ಕೈ ಮುಂದೆ ಮಾಡಿದೆ. ಬಟ್ಟಲಿನ ಮೇಲೆ ಒಂದು ಗೇಣು ಎತ್ತರದಲ್ಲಿ ಕೈ ನಿಂತಿತು.

ನಾನು ಎಂಟು ವರ್ಷದವನಿದ್ದಾಗ ಅಜ್ಜನ ಶ್ರಾದ್ಧದ ದಿನ ಸುಮ್ನೆ ಆಟಕ್ಕೆ ಎಳ್ಳಿನ ಬಟ್ಟಲಿಗೆ ಕೈ ಹಾಕಿದ್ದೆ. ಯಾವತ್ತೂ ಹೊಡೆಯದ ಅಪ್ಪಯ್ಯ ರಪ್ಪನೆ ಕೈ ಮೇಲೆ ಹೊಡೆದಿದ್ದರು. “ಅಪ್ಪ ಬದುಕಿರೋ ಮಾಣಿ ಈ ಎಳ್ಳು ಮುಟ್ಟಬಾರದು!” ಸಂಕ್ರಾಂತಿಯ ಎಳ್ಳು ಬೇರೆ, ಇದು ಬೇರೆ. ಎಳ್ಳು ನೀರು ಬಿಟ್ಟರೆ ಅಪ್ಪ ಸತ್ತ ಅಂತ ನೀನೇ ಹೇಳಿದಂತೆ ಅಂತ ಅಮ್ಮ ಆಮೇಲೆ ಬಿಡಿಸಿ ಹೇಳಿದ್ದಳು. ಕಾಲೇಜಿಗೆ ಹೋದ ಮೇಲೆ ನಾನು ಇದನ್ನೆಲ್ಲ ಚೆನ್ನಾಗಿ ಆಡಿಕೊಂಡು ನಕ್ಕಿದ್ದೇನೆ. ಜನಿವಾರ ತೆಗೆದು ಹಾಸ್ಟೆಲಿನ ಮೊಳೆಗೆ ನೇತುಹಾಕಿದವನು ನಾನು. ನಂಬಿಕೆ ಅಂತ ನನಗೆ ಯಾವುದೂ ಇರಲಿಲ್ಲ. ಕೈಗೆ ಮಾತ್ರ ಇತ್ತು ಅಂತ ಕಾಣುತ್ತದೆ.

“ತಗೋ” ಅಂತ ಮತ್ತೆ ಅಂದರು.

“ನನ್ನ ಅಪ್ಪಯ್ಯ ಇದ್ದಾರೆ” ಅಂದೆ.

ಕತ್ತಲಲ್ಲಿ ಯಾರೋ ಮೆಲ್ಲಗೆ “ಹನ್ನೊಂದು” ಅಂದರು.

ದೊಡ್ಡವರು ಎದ್ದು ಬಂದು ಮುಂದೆ ಕೂತರು. ಸಿಟ್ಟೇ ಇಲ್ಲ ಅವರ ದನಿಯಲ್ಲಿ. “ಆ ದೇಹಕ್ಕೂ ಈ ದೇಹಕ್ಕೂ ಏನು?”

“ಗೊತ್ತಿಲ್ಲ. ಎಳ್ಳು ಮುಟ್ಟಲ್ಲ.”

ಇದರಲ್ಲಿ ಧೈರ್ಯ ಏನೂ ಇರಲಿಲ್ಲ, ದಯವಿಟ್ಟು ಹಾಗೆ ಓದಬೇಡಿ. ನಡುಗುತ್ತಿದ್ದೆ. ಉತ್ತರ ಗೊತ್ತಿರಲಿಲ್ಲ. ಅವರು ಎಳ್ಳಿಲ್ಲದೆ ಬರೀ ನೀರು ಬಿಡು ಅಂದಿದ್ದರೆ ಬಿಟ್ಟಿರುತ್ತಿದ್ದೆ ಅನ್ನಿಸುತ್ತದೆ. ಊರಿಗೆ ಬಂದ ಮೇಲೆ ನಮ್ಮ ಪುರೋಹಿತರಿಗೆ ಇದನ್ನು ಹೇಳಿದಾಗ, “ಅಪ್ಪ ಇರುವವರಿಗೂ ಶಾಸ್ತ್ರದಲ್ಲಿ ಬೇರೆ ಕ್ರಮ ಇದೆ ಮಾರಾಯ” ಅಂದರು. ಪುಣ್ಯಕ್ಕೆ ನನಗೆ ಆಗ ಅಷ್ಟು ಶಾಸ್ತ್ರ ಗೊತ್ತಿರಲಿಲ್ಲ.

ಕೊಬ್ಬರಿ ಒಣಗಿಸಿಡುವ ಕೋಣೆಯಲ್ಲಿ ಎರಡು ರಾತ್ರಿ ಇಟ್ಟರು. ಮೌನ ಅಂತ ಹೆಸರು ಅದಕ್ಕೆ. ಹೊರಗಿನಿಂದ ಚಿಲಕ. ಈ ಸಲ ಮಾತ್ರ ಸೆಕ್ಷನ್ 342 ಸರಿಯಾಗಿ ಹೊಂದುತ್ತಿತ್ತು, ನೋಡುವುದಕ್ಕೆ ಪೊಲೀಸರಿರಲಿಲ್ಲ. ಇಲಿಗಳಿದ್ದವು. ಹಸಿವಿಗೆ ಕೊಬ್ಬರಿ ತಿಂದೆ. ಒಬ್ಬನೇ ಕೂತು ‘ಬಂದೆ, ಹೋದೆ, ತಿಂದೆ’ ಅಂತ ಬಾಯಿಗೆ ಬಂದದ್ದನ್ನೆಲ್ಲ ಹೇಳಿಕೊಂಡೆ. ಹನ್ನೊಂದು ಅನ್ನುವವರು ಯಾರೂ ಇರಲಿಲ್ಲ.

ಮೂರನೇ ದಿನ ರೇಷನ್ ಟೆಂಪೋ ಬಂತು. ಅಕ್ಕಿ ಮೂಟೆ ಇಳಿಸಲು ಕೈ ಸಾಲದೆ ನನ್ನನ್ನು ಹೊರಗೆ ಬಿಟ್ಟರು. ಇಳಿಸಿದೆ. ಟೆಂಪೋ ಹೊರಟಿತು. ನಾನೂ ಅದರ ಹಿಂದೆ ಗೇಟು ದಾಟಿ ನಡೆದೆ. ಓಡಲಿಲ್ಲ. ತಿರುವಿನಲ್ಲಿ ಡ್ರೈವರ್ ಗಾಡಿ ನಿಲ್ಲಿಸಿ ಕನ್ನಡಿಯಲ್ಲಿ ನೋಡಿ, “ಹತ್ತು, ಹತ್ತು, ಬೇಗ” ಅಂದ. ಇದು ಅವನಿಗೆ ಹೊಸದಲ್ಲ ಅಂತ ಕಾಣುತ್ತದೆ.

ಒಂದು ಮೈಲಿ ಆದ ಮೇಲೆ ಕೇಳಿದ: “ಏನ್ ನಿನ್ ಹೆಸರು?”

ಬಾಯಿ ತೆರೆದೆ. ಈ ದೇಹ ಅಂತ ಬರುತ್ತಿತ್ತು, ನುಂಗಿದೆ. ನಲವತ್ತೊಂದು ಅಂತ ಬಂತು, ಅದನ್ನೂ ನುಂಗಿದೆ. ಅಜ್ಜನ ಹೆಸರು ಎಷ್ಟು ಹುಡುಕಿದರೂ ಸಿಗಲಿಲ್ಲ, ಮೂರು ದಿನದ ಹಿಂದೆ ಅದಕ್ಕೆ ನಾನೇ ಸತ್ತ ಅಂದಿದ್ದೆನಲ್ಲ. ಕೊನೆಗೆ “ಮಾಣಿ” ಅಂದೆ.

ಅವನು ಸ್ಟಿಯರಿಂಗ್ ಮೇಲೆ ಕೈ ಬಡಿದು ನಕ್ಕ. “ಮಾಣಿನಾ? ಯಾವ ಹೋಟ್ಲಲ್ಲಪ್ಪ?”

ನನಗೂ ನಗು ಬಂತು. ಹತ್ತು ತಿಂಗಳಲ್ಲಿ ಮೊದಲನೆಯದು. ಇಳಿಸುವಾಗ ಇನ್ನೂರು ರೂಪಾಯಿ ಕೊಟ್ಟ. ಅವನ ಹೆಸರು ಕೇಳುವುದು ನನಗೆ ಹೊಳೆಯಲೇ ಇಲ್ಲ.

ಕೆಂಪು ಬಸ್ಸಿನಲ್ಲಿ ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿ. ಮನೆ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ಅಮ್ಮ ಬೋಳು ತಲೆ ನೋಡಿ ಬಾಗಿಲಲ್ಲೇ ಕೂತುಬಿಟ್ಟಳು. ಆಮೇಲೆ ಕಾಫಿ ತಂದಳು. “ಇನ್ನೊಂಚೂರು ಹಾಕ್ಲಾ?” ಅಂದಳು. “ಈ ದೇಹಕ್ಕೆ ಸಾಕು” ಅಂದೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಕ್ಕ ಮಾತ್ರ “ಆ ದೇಹಕ್ಕೆ ಕೊಟ್ಟೆ ಒಂದು” ಅಂತ ಕೈ ಎತ್ತಿದಳು. ಅಕ್ಕನಂಥವರು ಮನೆಯಲ್ಲಿ ಒಬ್ಬರಿರಬೇಕು.

ಹೊರಗಿನ ಪ್ರಪಂಚ ಹತ್ತು ತಿಂಗಳು ಮುಂದೆ ಹೋಗಿತ್ತು. ಕುಮಾರಸ್ವಾಮಿ ಮುಖ್ಯಮಂತ್ರಿ ಆಗಿದ್ದರು. ಕೊಡಗಿನಲ್ಲಿ ಗುಡ್ಡ ಕುಸಿದಿತ್ತು. ವಾಜಪೇಯಿ ತೀರಿಕೊಂಡಿದ್ದರು. ಜುಲೈ ಒಂದರಂದು ದೆಹಲಿಯ ಬುರಾರಿಯಲ್ಲಿ ಒಂದೇ ಮನೆಯ ಹನ್ನೊಂದು ಜನ ಸತ್ತು ಸಿಕ್ಕಿದ್ದರು, ನೋಟುಬುಕ್ಕುಗಳಲ್ಲಿ ಬರೆದಿಟ್ಟಿದ್ದ ವಿಧಿಯ ಪ್ರಕಾರ. ಆ ಸುದ್ದಿಯನ್ನು ಹಳೇ ಪೇಪರಿನಲ್ಲಿ ಓದುವಾಗ ನೋಟುಬುಕ್ ಅನ್ನುವ ಪದದ ಮೇಲೆ ಕಣ್ಣು ನಿಂತು ಮುಂದೆ ಹೋಗಲಿಲ್ಲ.

ಒಂದು ತಿಂಗಳು ಬೆಳಗಿನ ಎರಡೂವರೆಗೆ ಎದ್ದು ಕೂರುತ್ತಿದ್ದೆ. ಅಕ್ಕ ಬೆಂಗಳೂರಿನ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಅವರು ಮೊದಲ ದಿನ ಏನೂ ಹೇಳಲಿಲ್ಲ. ಮೂರನೇ ಸಲ ಹೋದಾಗ ರಾಬರ್ಟ್ ಜೇ ಲಿಫ್ಟನ್ ಅನ್ನುವ ಅಮೆರಿಕದ ಮನೋವೈದ್ಯರ ಬಗ್ಗೆ ಹೇಳಿದರು. 1950ರ ದಶಕದಲ್ಲಿ ಚೀನಾದ ಜೈಲುಗಳಿಂದ ಹೊರಬಂದವರನ್ನು ಅವರು ಹಾಂಗ್‌ಕಾಂಗಿನಲ್ಲಿ ಕೂರಿಸಿ ಮಾತಾಡಿಸಿದ್ದರಂತೆ. ಮನಸ್ಸು ತಿರುಗಿಸುವ ಜಾಗಗಳಿಗೆ ಎಂಟು ಲಕ್ಷಣ ಅಂತ 1961ರಲ್ಲಿ ಬರೆದರು. ಹೊರಗಿನ ಸುದ್ದಿ ತಡೆಯುವುದು, ತಪ್ಪೊಪ್ಪಿಗೆ ಬರೆಸುವುದು, ತಮ್ಮದೇ ಪದಗಳನ್ನು ಬಾಯಿಗೆ ತುರುಕುವುದು ಎಲ್ಲ ಅದರಲ್ಲಿವೆ. ನಾನು ಬೆರಳು ಮಡಚುತ್ತಾ ಕೇಳಿದೆ. ನಮ್ಮ ದೊಡ್ಡವರು ಏನೋ ಹೊಸದು ಕಂಡುಹಿಡಿದಿದ್ದಾರೆ ಅಂತ ಆಗಲೂ ನನ್ನೊಳಗೆ ಒಂದು ಮೂಲೆಯಲ್ಲಿ ಗೌರವ ಇತ್ತು. ಅದು ಅವತ್ತು ಹೋಯಿತು. 1974ರಲ್ಲಿ ಅಮೆರಿಕದಲ್ಲಿ ಅಪಹರಣವಾದ ಪ್ಯಾಟಿ ಹರ್ಸ್ಟ್ ಅನ್ನುವ ಹುಡುಗಿಗೆ ಅಪಹರಿಸಿದವರ ಗುಂಪಿನಲ್ಲಿ ‘ಟಾನಿಯಾ’ ಅಂತ ಹೆಸರು ಬದಲಾಗಿತ್ತು. ಜಿಮ್ ಜೋನ್ಸ್ ಅನ್ನುವ ಅಮೆರಿಕದ ಪಾದ್ರಿ ಗಯಾನಾದ ಕಾಡಿನಲ್ಲಿ ಕಟ್ಟಿದ ಜೋನ್ಸ್‌ಟೌನ್‌ನಲ್ಲಿ ಬಂದವರ ಪಾಸ್‌ಪೋರ್ಟ್ ಇಸಿದುಕೊಳ್ಳುತ್ತಿದ್ದರು, 1978ರ ನವೆಂಬರ್ 18ರಂದು ಅಲ್ಲಿ ಒಂಬೈನೂರಕ್ಕೂ ಹೆಚ್ಚು ಜನ ಸತ್ತರು. ನನ್ನ ಕಂದು ಲಕೋಟೆ ನೆನಪಾಯಿತು.

ಅಕ್ಕ ಕನ್ನಡ ಲೆಕ್ಚರರ್. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಹೇಳಿದ್ದು ನನಗೆ ಡಾಕ್ಟರ ಮಾತಿಗಿಂತ ಜಾಸ್ತಿ ನಾಟಿತು. “ಶರಣರನ್ನ ನೋಡು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ. ಅಷ್ಟು ದೊಡ್ಡದಕ್ಕೆ ಸೇರಿದ ಮೇಲೂ ಬಟ್ಟೆ ಒಗೆಯೋನು ಮಡಿವಾಳನೇ, ದೋಣಿ ನಡೆಸೋನು ಅಂಬಿಗನೇ. ಚೌಡಯ್ಯ ಅಂತೂ ವಚನದ ಕೊನೆಗೆ ದೇವರ ಹೆಸರಿನ ಜಾಗದಲ್ಲಿ ತನ್ನ ಹೆಸರನ್ನೇ ಹಾಕಿದ. ಯಾರೂ ಅವನಿಗೆ ಬಸ್ಕಿ ಹೊಡೆಸಲಿಲ್ಲ.”

ಸರ್ಕಾರದ ಲೆಕ್ಕದಲ್ಲಿ ನಾನಾಗುವುದು ಇನ್ನೊಂದು ಪಾಡು. ಲಕೋಟೆ ಅಲ್ಲೇ ಉಳಿದಿತ್ತು. ಆಧಾರ್ ಮತ್ತೆ ತೆಗೆಯಲು ಓಟಿಪಿ ಬೇಕು, ಓಟಿಪಿಗೆ ಸಿಮ್ ಬೇಕು. ಸಿಮ್ ತಿಂಗಳುಗಟ್ಟಲೆ ಬಳಸದೆ ಬಂದ್ ಆಗಿತ್ತು. ಹೊಸ ಸಿಮ್‌ಗೆ ಆಧಾರ್ ಕೇಳಿದರು! ಅಕ್ಕನ ಹೆಸರಿನ ಸಿಮ್ ಇಟ್ಟುಕೊಂಡು ಆಧಾರ್ ಕೇಂದ್ರಕ್ಕೆ ಹೋದೆ. ಅಲ್ಲಿ ಬೆರಳಚ್ಚು ಕೊಟ್ಟರೆ ನಂಬರ್ ಬದಲಾಯಿಸುತ್ತಾರೆ. ಬೆರಳಿಟ್ಟೆ. ಮೆಷಿನ್ ಒಪ್ಪಲಿಲ್ಲ. ಇನ್ನೊಂದು ಬೆರಳು, ಅದೂ ಇಲ್ಲ. ಹತ್ತು ತಿಂಗಳ ಬೂದಿ ಮತ್ತು ತೆಂಗಿನ ನಾರು ಗೆರೆಗಳನ್ನು ತಿಂದುಹಾಕಿದ್ದವು. ಕೌಂಟರಿನ ಹುಡುಗಿ, “ಗಾರೆ ಕೆಲಸದವರಿಗೆ ಹೀಗೇ ಆಗತ್ತೆ ಸರ್, ಒಂದಿಷ್ಟು ದಿನ ಕೊಬ್ಬರಿ ಎಣ್ಣೆ ಹಚ್ಚಿ ಬನ್ನಿ” ಅಂದಳು. ಕೊಬ್ಬರಿ ಅಂದದ್ದಕ್ಕೆ ಹೊಟ್ಟೆ ತೊಳಸಿತು. ಹದಿನೈದು ದಿನ ಹಚ್ಚಿದೆ. ಮತ್ತೆ ಹೋದಾಗ ಎಡಗೈಯ ಉಂಗುರದ ಬೆರಳಿಗೆ ಹಸಿರು ದೀಪ ಬಂತು. ಅವಳು ಸ್ಕ್ರೀನ್ ನೋಡಿ ನನ್ನ ಪೂರ್ತಿ ಹೆಸರನ್ನು, ಅಪ್ಪಯ್ಯನ ಹೆಸರಿನ ಸಮೇತ, ಗಟ್ಟಿಯಾಗಿ ಓದಿ “ನೀವೇನಾ?” ಅಂದಳು. “ನಾನೇ” ಅಂದೆ. ಅಭ್ಯಾಸಬಲ, ಪಕ್ಕದವರ ಕಡೆ ನೋಡಿದೆ.

ಚಿತ್ರದುರ್ಗದ ಹುಡುಗನನ್ನು ಹುಡುಕಿಕೊಂಡು ಅವನ ತಾಲ್ಲೂಕಿಗೆ ಒಮ್ಮೆ ಹೋಗಿದ್ದೆ. ಅವತ್ತು ರಾತ್ರಿ ಕೇಳಿದ ಹೆಸರೊಂದೇ ನನ್ನ ಹತ್ತಿರ ಇದ್ದದ್ದು. ಆಟೋ ಸ್ಟ್ಯಾಂಡಿನಲ್ಲಿ ಕೇಳಿದೆ. ಒಬ್ಬ ಹಿರಿಯರು, “ಅವನಾ? ಅವರ ಮನೆಯವರು ಇನ್ನೂ ಫೋನು ಕಾಯ್ತಾವ್ರೆ” ಅಂದರು. ಅವರಪ್ಪನನ್ನು ಕಂಡು ಹೇಳಬೇಕಾದದ್ದನ್ನು ಹೇಳಿ ಬಂದೆ. ಪಿಂಡದ ವಿಷಯ ಹೇಳಲಿಲ್ಲ. ದರ್ಭೆ ಹಿಡಿದು ಮಂತ್ರ ಹೇಳಿದ ಅಂತ ಮಾತ್ರ ಹೇಳಿದೆ. ಅವನು ಹೇಳಿದ್ದು ನಿಜ, ಅಪ್ಪ ನಂಬಲಿಲ್ಲ.

ಆ ವರ್ಷ ಪುಷ್ಯದಲ್ಲಿ ಅಜ್ಜನ ಶ್ರಾದ್ಧ ಬಂತು. ನಾನು ಗೋಡೆಗೊರಗಿ ದೂರ ಕೂತಿದ್ದೆ. ಪುರೋಹಿತರು ಅಜ್ಜನ ಹೆಸರು ಹೇಳಿದರು, ಅಪ್ಪಯ್ಯ ತಿರುಗಿ ಹೇಳಿದರು. ಬೆನ್ನಲ್ಲಿ ಸಣ್ಣಗೆ ಜುಮ್ ಅಂದಿತು, ಚಿಕ್ಕವನಿದ್ದಾಗ ಆಗುತ್ತಿದ್ದ ಹಾಗೆ. ಅಪ್ಪಯ್ಯನ ಕೈ ಈಗೀಗ ನಡುಗುತ್ತದೆ. ಎಳ್ಳು ತೆಗೆಯುವಾಗ ಬಟ್ಟಲು ಜಾರಿತು. ಎಳ್ಳು ಚೆಲ್ಲಿ, ಬಟ್ಟಲು ಉರುಳಿ ನನ್ನ ಕಾಲ ಹತ್ತಿರ ಬಂದು ನಿಂತಿತು. ಎತ್ತಿಕೊಡೋಣ ಅಂತ ಬಗ್ಗಿದೆ.

“ಬೇಡ ಮಾಣಿ, ಮುಟ್ಟಬೇಡ” ಅಂದರು ಅಪ್ಪಯ್ಯ. “ನಾನು ಇದ್ದೇನಲ್ಲ.”

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅವರೇ ಮಣೆಯಿಂದ ಎದ್ದು, ಒಂದು ಕೈ ನೆಲಕ್ಕೂರಿ, ಎಳ್ಳನ್ನು ಬಳಿದು ಬಟ್ಟಲಿಗೆ ತುಂಬಿಕೊಂಡರು.